ಮೆಟ್ಟಿಲಡಿಯ ಕಾರ್ಖಾನೆಗೊಂದು ಹಳೆಯ ವೈಸ್

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಕಾರ್ಖಾನೆ ಶೆಡ್ಡುಗಳಲ್ಲಿ ದುಡಿದು ನಿವೃತ್ತನಾದ ರಾಜಾಜಿನಗರದ ಗೃಹಸ್ಥನು ಮೆಟ್ಟಿಲಡಿಯಲ್ಲಿ ಸ್ವಂತ ವರ್ಕ್‌ಶಾಪ್ ತೆರೆದಾಗ ಮೊದಲು ಹಂಬಲಿಸುವುದು ಬೆಂಚ್ ವೈಸಿಗೆ, ಅಂದರೆ ಮೇಜಿಗೆ ಬಿಗಿದು ಎರಡು ದವಡೆಗಳ ನಡುವೆ ವಸ್ತುವನ್ನು ಕಚ್ಚಿ ಹಿಡಿಯುವ ಸಾಧನಕ್ಕೆ; ಬಿಗಿಯಬೇಕಾದದ್ದು ಬಹುಪಾಲು ಕುಕ್ಕರಿನ ಹಿಡಿಯೇ ಆದರೂ, ದವಡೆ ಮಾತ್ರ 6 ಇಂಚಿಗೆ ಕಡಿಮೆಯಿರಬಾರದು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ಅವನು ನಡೆಸುವ ಪರೀಕ್ಷೆಯು ವರಾನ್ವೇಷಣೆಯನ್ನೂ ನಾಚಿಸುವಂಥದ್ದು. ತುಕ್ಕಿಗೆ ಅಂಜಬೇಕಿಲ್ಲ, ಅದು ಸೀಮೆಎಣ್ಣೆಗೂ ತಂತಿಯ ಬ್ರಷ್ಷಿಗೂ ಶರಣಾಗುತ್ತದೆ. ಅಂಜಬೇಕಾದದ್ದು ಹೊಸ ಬಣ್ಣಕ್ಕೆ, ಏಕೆಂದರೆ ಬೀಡು, ಅಂದರೆ ಜೋರು ಪೆಟ್ಟಿಗೆ ಬಾಗದೆ ಒಡೆದೇ ಹೋಗುವ ಎರಕದ ಕಬ್ಬಿಣ, ಬಿರುಕು ಬಿಟ್ಟಾಗ ಅದನ್ನು ಮರೆಮಾಚುವುದು ಆ ಬಣ್ಣವೇ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಣ್ಣೆಂದರೆ ದೇಹ ಗಟ್ಟಿ, ಬೊದ್ದೆಂದರೆ ಸಂಶಯ. ಹಿಡಿಯನ್ನು ಅರ್ಧ ಸುತ್ತು ತಿರುಗಿಸಿದರೂ ದವಡೆ ಮಿಸುಕದಿದ್ದರೆ ಒಳಗಿನ ಥ್ರೆಡ್ಡು ಸವೆದಿದೆಯೆಂದೇ ತಿಳಿಯಬೇಕು. ಇಂಗ್ಲೆಂಡಿನ ಶೆಫೀಲ್ಡಿನ ಹೆಸರಾಂತ ವೈಸ್ ಬ್ರ್ಯಾಂಡ್ ‘ರೆಕಾರ್ಡ್’ನ ಎರಕದ ಅಕ್ಷರಗಳು ಕಂಡವೆಂದರೆ ಈ ವಿವೇಕವೆಲ್ಲ ಆವಿಯಾಗಿ, ಬೆಲೆ ಕೇಳುವ ದನಿಯೇ ನಡುಗುತ್ತದೆ. ಮಾರುವವನಿಗೆ ಅಷ್ಟು ಸಾಕು. ಬಳಿಕ 20 ಕಿಲೋ ಮೀರಿದ ಆ ಸಂಪತ್ತನ್ನು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೇರಿಸಿದರೆ, ವೈಸಿಗೆ ಸೀಟು ಸಿಗುತ್ತದೆ, ಯಜಮಾನನು ನಿಂತೇ ಪ್ರಯಾಣಿಸುತ್ತಾನೆ.