ತುಪ್ಪಕ್ಕೂ ಒಂದು ಇಲಿ

ಅಂಕೋಲೆಯಲ್ಲಿ ಕೈಕಾಲು ಸ್ವಾಧೀನವಿಲ್ಲದವರನ್ನು ಬಸ್ಸಿನಿಂದ ಇಳಿಸುತ್ತಿದ್ದರೆ, ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಬೆಳಂಬಾರಕ್ಕೇ. ಹಾಲಕ್ಕಿ ಒಕ್ಕಲಿಗರ ಮನೆಯೊಂದರ ಲಕ್ವದ ಮದ್ದಿನಿಂದ ಈ ಊರಿನ ಹೆಸರು ನಾಡಿಗೆಲ್ಲ ಹಬ್ಬಿದೆ. ನಾಟಿಮದ್ದು ಅಂದಮೇಲೆ ಪಥ್ಯ ಇದ್ದದ್ದೇ. ಆಚೆಮನೆಯಲ್ಲಿ ಬಂಗಡೆ ಹುರಿಯುತ್ತಿರುವಾಗ ಈಚೆಮನೆಯಲ್ಲಿ ಪಥ್ಯ ಹಿಡಿದು ಕೂತವನಿಗೆ ಗುಣವಾಯಿತೆನ್ನಿ, ಅದು ಮದ್ದಿನಿಂದಲೋ ಛಲದಿಂದಲೋ ಹೇಳುವವರು ಯಾರು?

ಪ್ರಯೋಗಶಾಲೆಯ ಇಲಿಗೆ ಈ ಗೊಂದಲವಿಲ್ಲ. ಕೈಗುಣ, ಹರಕೆ ಯಾವುದನ್ನೂ ಅದು ನಂಬುವುದಿಲ್ಲ.

ಮೂರ್ಛೆರೋಗವನ್ನೇ ತೆಗೆದುಕೊಳ್ಳಿ. ಅದಕ್ಕೆ ಕೀಲಿಕೈ ಹಿಡಿಸುವುದು ನಮ್ಮ ಕಡೆಯ ತುರ್ತು ಚಿಕಿತ್ಸೆ. ಆಯುರ್ವೇದ ಗ್ರಂಥ ‘ಅಷ್ಟಾಂಗಹೃದಯ’ದ ಚಿಕಿತ್ಸೆಗೆ ಇನ್ನಷ್ಟು ವ್ಯವಧಾನ ಬೇಕು: ಒಂದು ಪಾಲು ತುಪ್ಪಕ್ಕೆ ಹದಿನೆಂಟು ಪಾಲು ಬೂದುಗುಂಬಳದ ರಸ, ಜೊತೆಗೆ ಜ್ಯೇಷ್ಠಮಧು, ಕಾಯಿಸಿ ಇಳಿಸಬೇಕು. ಇದನ್ನು ಪ್ರಯೋಗಶಾಲೆಗೆ ಒಯ್ದರೆ ಅಲ್ಲಿಯವರು ಒಂದು ಗುಂಪು ಇಲಿಗಳಿಗೆ ಈ ಘೃತ ಕುಡಿಸಿ, ಇನ್ನೊಂದಕ್ಕೆ ಹೆಸರಾದ ಮಾತ್ರೆ ಕೊಟ್ಟು, ಮೂರನೆಯದಕ್ಕೆ ಬರೀ ತುಪ್ಪ ನೆಕ್ಕಿಸುತ್ತಾರೆ. ಆಮೇಲೆ ಕಿವಿಗೆ ಕ್ಲಿಪ್ಪು ಸಿಕ್ಕಿಸಿ ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹೊತ್ತು ವಿದ್ಯುತ್ತು. ಹಿಂಗಾಲು ಸೆಟೆಯಿತೇ ಇಲ್ಲವೇ ಎಂಬುದೇ ಫಲಿತಾಂಶ. ಪಾಪ, ತುಪ್ಪದ ಋಣ ತೀರಿಸುವ ಬಗೆ ಅದು!

ತುಪ್ಪಕ್ಕೂ ಬೇರೆ ಇಲಿ ಯಾಕೆ ಎನ್ನುವವರು ಫ್ರಾನ್ಸಿನ ಕತೆ ಕೇಳಬೇಕು. 1962ರ ಸುಮಾರಿಗೆ ಪಿಯರ್ ಎಮಾರ್ ಎಂಬ ಯುವಕ ಖೆಲ್ಲಿನ್ ಎಂಬ ವಸ್ತುವಿನಿಂದ ಹೊಸ ಸಂಯುಕ್ತಗಳನ್ನು ಮಾಡಿದ. ಖೆಲ್ಲಿನ್ ಬರುವುದು ಈಜಿಪ್ಟಿನವರು ಮೂತ್ರದ ಕಲ್ಲಿಗೆ ಬಳಸುತ್ತಿದ್ದ ಗಿಡವೊಂದರ ಹಣ್ಣಿನಿಂದ. ಕರಗಿಸಲು ಕೈಗೆ ಸಿಕ್ಕಿದ್ದು ವಾಲ್ಪ್ರೋಯಿಕ್ ಆಮ್ಲ, 1882ರಲ್ಲಿ ತಯಾರಾಗಿ, ಬರೀ ದ್ರಾವಕವೆಂದು ಬಳಕೆಯಲ್ಲಿದ್ದ ದ್ರವ. ಪ್ರಾಣಿಗಳಿಗೆ ಕೊಟ್ಟರೆ, ಯಾವ ಸಂಯುಕ್ತ ಬೆರೆಸಿದರೂ ಸೆಳವು ನಿಂತಿತು. ಕೊನೆಗೆ ನೋಡಿದರೆ ಮದ್ದು ಅನುಪಾನವೇ! ಇವತ್ತು ನಮ್ಮೂರ ಔಷಧಿ ಅಂಗಡಿಗಳಲ್ಲೂ ಸಿಗುವ ವಾಲ್ಪ್ರೋಯೇಟ್ ಮಾತ್ರೆ ಅದೇ. ಹಣ್ಣಿನ ಹೆಸರು ಯಾರಿಗೂ ನೆನಪಿಲ್ಲ.

ಹಾಗೆಂದು ಇಲಿ ಗೆದ್ದದ್ದೆಲ್ಲ ಮನುಷ್ಯನಿಗೆ ಒಗ್ಗುವುದಿಲ್ಲ. ಕರೆಂಟು ಕೊಟ್ಟು ತರಿಸಿದ ಸೆಳವೇ ಬೇರೆ, ವರ್ಷಗಟ್ಟಲೆ ಬೆನ್ನುಬಿಡದ ಕಾಯಿಲೆಯೇ ಬೇರೆ. ಬೂದುಗುಂಬಳದ ಹುಳಿ ಧಾರಾಳವಾಗಿ ಉಣ್ಣಿ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಯಾರಾದರೂ ಸೆಳವು ಬಂದು ಬಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಕೀಲಿಕೈ ಬೀಗದಲ್ಲೇ ಇರಲಿ.