ಸ್ವಿಸ್ ರಾಯರ ಮುಂಗೈ

ಸ್ವಿಸ್ ರಾಯರು ಒಬ್ಬರಲ್ಲ. ಬ್ಯಾಂಕಿನಲ್ಲೊಬ್ಬರು, ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲೊಬ್ಬರು, ಮದುವೆಮನೆಯಲ್ಲಂತೂ ಪಂಕ್ತಿಗೊಬ್ಬರು ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ತುಂಬುತೋಳಿನ ಅಂಗಿಯ ಎಡತೋಳು ಮಾತ್ರ ಒಂದು ಮಡಿಕೆ ಮೇಲಿರುತ್ತದೆ. ಕಾಫಿ ಲೋಟ ಎಡಗೈಯಲ್ಲೇ ಏಳುತ್ತದೆ. ನೀವು ನೋಡದಿದ್ದರೆ ಗಲ್ಲ ತುರಿಸಿಕೊಳ್ಳುತ್ತಾರೆ. ಅದಕ್ಕೂ ಬಗ್ಗದಿದ್ದರೆ, "ನಿಮ್ಮ ವಾಚಲ್ಲಿ ಟೈಮೆಷ್ಟು?" ಎಂದು ನಿಮ್ಮನ್ನೇ ಕೇಳುತ್ತಾರೆ. ಸೌಜನ್ಯಕ್ಕೆ "ನಿಮ್ಮದರಲ್ಲಿ?" ಎಂದಿರೋ, ಮುಂದಿನ ಅರ್ಧ ಗಂಟೆ ಅವರದು.

ನಾನು ಬಲ್ಲ ರಾಯರು ಬ್ಯಾಂಕಿನವರು. ಕೈಯಲ್ಲಿರುವುದು ಟಿಸ್ಸೋ ಪಿಆರ್‌ಎಕ್ಸ್ ಪವರ್‌ಮ್ಯಾಟಿಕ್ 80. ಚೌಕ ಚೌಕ ಉಬ್ಬಿರುವ ನೀಲಿ ಡಯಲು, ಕೇಸಿನೊಳಗಿಂದಲೇ ಹೊರಟಂತೆ ಕಾಣುವ ಉಕ್ಕಿನ ಚೈನು. 2021ರಲ್ಲಿ ಬಂದ ಈ ವಾಚನ್ನು ಬಲ್ಲವರು 'ಕೈಗೆಟುಕುವ ಸ್ವಿಸ್ ಆಟೋಮ್ಯಾಟಿಕ್' ಎನ್ನುತ್ತಾರೆ. 60 ಸಾವಿರ ದಾಟುವ ಬೆಲೆ ಯಾರ ಕೈಗೆಟುಕುತ್ತದೆ ಎಂದು ರಾಯರ ಹೆಂಡತಿ ಇನ್ನೂ ಕೇಳಿಲ್ಲ. ಅವರಿಗೆ ಹೇಳಿರುವ ಬೆಲೆಯಲ್ಲಿ ಒಂದು ಸೊನ್ನೆ ಕಡಿಮೆ.

ಯಾರಾದರೂ ಅರೆಬರೆ ತಿಳಿದವರು "ಇದು 1972ರ ರಾಯಲ್ ಓಕ್ ವಾಚಿನ ಥರಾನೇ ಇದೆಯಲ್ಲ?" ಎಂದರೆ ರಾಯರು ಕೆರಳುತ್ತಾರೆ. "ನಕಲಲ್ಲ ಸ್ವಾಮಿ, ಇದಕ್ಕೂ 1978ರ ವಂಶಾವಳಿಯಿದೆ." 1978ರ ಆ ಪೂರ್ವಜ ಸೆಲ್ ಹಾಕಿಕೊಂಡು ಓಡುತ್ತಿತ್ತು ಎಂಬ ಮಾತು ವಂಶಾವಳಿ ಓದುವಾಗ ಬಿಟ್ಟುಹೋಗುತ್ತದೆ. ಸೆಲ್ ವಾಚು ಎಂದರೆ ರಾಯರಿಗೆ ಅಷ್ಟಕ್ಕಷ್ಟೆ. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸಿ, ತಿಂಗಳಿಗೆ ಹತ್ತಿಪ್ಪತ್ತು ಸೆಕೆಂಡಷ್ಟೇ ತಪ್ಪುತ್ತದಂತೆ. "ತಪ್ಪೇ ಮಾಡದವನ ಜೊತೆ ಎಷ್ಟು ದಿನ ಬಾಳುವೆ ಮಾಡ್ತೀರಿ?" ಎನ್ನುತ್ತಾರೆ, ಹೆಂಡತಿ ಅಡುಗೆಮನೆಯಲ್ಲಿರುವುದನ್ನು ಖಾತ್ರಿ ಮಾಡಿಕೊಂಡು.

ಇದು ಸ್ಪೋರ್ಟ್ಸ್ ವಾಚು. ರಾಯರು ಆಡುವುದು ಕೇರಂ, ಅದೂ ರಾಜ್ಯೋತ್ಸವಕ್ಕೆ. ಸ್ಟ್ರೈಕರ್ ಎಲ್ಲಿ ಗಾಜಿಗೆ ಸಿಡಿದೀತೋ ಎಂದು ಆಗಲೂ ವಾಚು ಬಿಚ್ಚಿ ಜೇಬಿಗಿಡುತ್ತಾರೆ. ಹೆಸರಿನ ಕೊನೆಯ ಎಕ್ಸ್ ರೋಮನ್ನರ ಹತ್ತು, ಅಂದರೆ 10 ವಾಯುಭಾರದ ಒತ್ತಡ, ಅಂದರೆ ನೂರು ಮೀಟರ್ ನೀರಿಗೆ ಜಗ್ಗದ ವಾಚು ಎಂದು ವಿವರಿಸುವುದೆಂದರೆ ಅವರಿಗೆ ಹಬ್ಬ. ವಿವರಿಸುತ್ತಿರುವಾಗಲೇ ನಾಲ್ಕು ಹನಿ ಬಿದ್ದರೆ ಮಾತ್ರ ಸ್ಕೂಟರ್ ಪಕ್ಕಕ್ಕೆ ಹಾಕಿ, ವಾಚನ್ನು ಕರ್ಚೀಫಿನಲ್ಲಿ ಸುತ್ತಿ, ತೊಳೆದಿಟ್ಟ ಹಾಲಿನ ಕವರಿಗೆ ತುರುಕಿ ಡಿಕ್ಕಿಯಲ್ಲಿಟ್ಟು, ತಾವು ನೆನೆದುಕೊಂಡು ಮನೆಗೆ ಹೋಗುತ್ತಾರೆ.

ಅಯಸ್ಕಾಂತದ ಭಯ ಬೇರೆ. ಅದರ ಸೆಳೆತಕ್ಕೆ ಸಿಕ್ಕಿದ ಕೂದಲೆಳೆ ಸ್ಪ್ರಿಂಗು ಸುರುಳಿಗೆ ಸುರುಳಿ ಅಂಟಿಕೊಂಡು ವಾಚು ದಿಕ್ಕೆಟ್ಟು ಓಡುವುದುಂಟು. ಹೀಗಾಗಬಾರದೆಂದೇ ಇವರ ವಾಚಿನಲ್ಲಿ ನಿವಾಕ್ರಾನ್ ಎಂಬ ಟೈಟೇನಿಯಂ ಮಿಶ್ರಲೋಹದ ಸ್ಪ್ರಿಂಗಿದೆ. ಈ ಉಪನ್ಯಾಸ ಆಫೀಸಿನಲ್ಲಿ ನಡೆಯುತ್ತದೆ. ಮನೆಯಲ್ಲಿ "ರೀ, ಹಾಲು ಕಾಯಿಸಿಡಿ" ಎಂದರೆ, "ಇಂಡಕ್ಷನ್ ಒಲೆ ಕಣೇ, ವಾಚಿಗಾಗಲ್ಲ" ಎಂಬ ಉತ್ತರ ಬರುತ್ತದೆ.

ವಾಚಿನಿಂದ ಒಂದು ಉಪಕಾರವಂತೂ ಆಗಿದೆ. ಅದರ ಚೈನಿನ ಕೊಂಡಿಯಲ್ಲಿ ಎಳ್ಳಷ್ಟು ಸಡಿಲಿಸುವ ಅನುಕೂಲವಿಲ್ಲ. ಚೈನಿನ ಒಂದು ತುಂಡು ತೆಗೆಸಿದರೆ ಬಿಗಿ, ಸೇರಿಸಿದರೆ ಬಳೆ. ಬೇಸಿಗೆಯಲ್ಲಿ ಉಪ್ಪು ತಿಂದರೆ ಮುಂಗೈ ಊದಿ ವಾಚು ಹಿಡಿಯುತ್ತದೆ. ಬಿಪಿ ಇರುವ ರಾಯರಿಗೆ ಉಪ್ಪಿನಕಾಯಿ ಬಿಡಿಸಲು ಹೆಂಡತಿ, ಡಾಕ್ಟರು, ಮಂತ್ರಾಲಯದ ಹರಕೆ ಎಲ್ಲ ಸೋತಿದ್ದವು. ಈಗ ಎಲೆಯ ಮೇಲೆ ಮಿಡಿ ಬಿದ್ದರೆ ಒಮ್ಮೆ ಅದನ್ನು, ಒಮ್ಮೆ ಮುಂಗೈಯನ್ನು ನೋಡಿ ಪಕ್ಕಕ್ಕೆ ಸರಿಸುತ್ತಾರೆ.

ಕೊಂಡ ಹೊಸತರಲ್ಲಿ ಮೊದಲ ಗೀರು ಬಿದ್ದಾಗ ಮನೆಯಲ್ಲಿ ಸೂತಕದ ಕಳೆ. ತಂತಿ ಎಳೆದಂಥ ಮಿರುಗಿನ ಉಕ್ಕು ಏನನ್ನೂ ಮುಚ್ಚಿಡುವುದಿಲ್ಲ. ಆಫೀಸಿನ ಮೇಜಿನಂಚಿಗೆ ದಿನವೂ ಉಜ್ಜಿ ಕೊಂಡಿಯಂತೂ ಮಸಿಬಟ್ಟೆಯಾಗಿತ್ತು. ವರ್ಷಗಳು ಕಳೆದಂತೆ ದುಃಖ ಹೋಗಿ ಇತಿಹಾಸ ಬಂತು. "ಇದು ಮೆಜೆಸ್ಟಿಕ್ ಬಸ್ಸಿನ ಕಂಬಿ. ಇದು ಷಡ್ಡಕನ ಮಗಳ ಮದುವೇಲಿ ಸಾರಿನ ಬಕೆಟ್ಟು, ನಾನೇ ಬಡಿಸ್ತಾ ಇದ್ದೆ." ಷಡ್ಡಕನ ಮಗಳ ಹೆಸರು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ರಾತ್ರಿ ಮಲಗುವ ಮುಂಚೆ ಫೋನಿನ ಗಡಿಯಾರ ಪಕ್ಕದಲ್ಲಿಟ್ಟು ವಾಚು ಎಷ್ಟು ಸೆಕೆಂಡು ಮುಂದೆ ಹೋಗಿದೆ ಎಂದು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಾರೆ. ಆರು ಸೆಕೆಂಡು. ಸ್ವಿಟ್ಜರ್‌ಲೆಂಡಿನ ಕ್ರೋನೊಮೀಟರ್ ಪ್ರಮಾಣಪತ್ರ ಗಿಟ್ಟಿಸಿದ ಯಂತ್ರಕ್ಕೇ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗಲು ಮಾಫಿಯಿದೆ. ಆದರೂ ಒಂದು ಶನಿವಾರ ನನ್ನನ್ನೂ ಎಳೆದುಕೊಂಡು ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯಲ್ಲಿ ವಾಚು ರಿಪೇರಿ ಮಾಡುವ ಸಾಬರ ಬಳಿಗೆ ಹೋದರು. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆ 1961ರಲ್ಲಿ ಸಿಟಿಜನ್ ಕಂಪನಿಯ ನೆರವಿನಿಂದ ವಾಚು ಮಾಡಲು ಹೊರಟಿತಲ್ಲ, ಆ ಕಾಲದಿಂದ ಬಂದ ಕೀ ಕೊಡುವ ವಾಚುಗಳ ಹೊಟ್ಟೆ ಬಗೆದೇ ಅವರ ತಲೆ ಹಣ್ಣಾಗಿದೆ.

ಸಾಬರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ವಾಚನ್ನು ಬೋರಲು ಹಾಕಿ ಹಿಂಬದಿಯ ಗಾಜಿನಲ್ಲೇ ಇಣುಕಿದರು. "ಎಚ್‌ಎಂಟಿ ಜನತಾ ವಾಚಲ್ಲಿ ಇಲ್ಲೊಂದು ಕಡ್ಡಿ ಇರುತ್ತೆ ಸಾರ್. ಹಿಂಗೆ ತಳ್ಳಿದ್ರೆ ನಿಧಾನ, ಹಂಗೆ ತಳ್ಳಿದ್ರೆ ಜೋರು. ಇದ್ರಲ್ಲಿ ಕಡ್ಡೀನೇ ಇಲ್ವಲ್ಲ!" ಅದನ್ನು ಕಾರ್ಖಾನೆಯಲ್ಲೇ ಲೇಸರಿನಿಂದ ಹೊಂದಿಸಿರುತ್ತಾರೆಂದು ರಾಯರು ತಿಳಿಹೇಳಿದರು.

"ಎಷ್ಟು ಮುಂದೆ ಹೋಗ್ತಿದೆ?"

"ದಿನಕ್ಕೆ ಆರು."

"ಆರು ನಿಮಿಷಾನಾ?"

"ಸೆಕೆಂಡು ರೀ!"

ಸಾಬರು ಗಾಜು ತೆಗೆಯದೆ ಮುಖವೆತ್ತಿ, ಈ ಸಲ ರಾಯರನ್ನೇ ಪರೀಕ್ಷಿಸಿದರು. "ಸಾರ್ ಇಸ್ರೋದಲ್ಲಿ ಕೆಲಸಾನಾ?"

"ಬ್ಯಾಂಕು."

"ಹಂಗಾದ್ರೆ ಪರವಾಗಿಲ್ಲ ಬಿಡಿ."

ಒಳಗಿನ ಅರ್ಧಚಂದ್ರದ ತೂಕ ಕೈಯಾಡಿದಂತೆ ತಿರುಗಿ ಸ್ಪ್ರಿಂಗನ್ನು ಸುತ್ತಬೇಕು. ತುಂಬ ಸುತ್ತಿದರೆ 80 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಆರಕ್ಕೆ ಬಿಚ್ಚಿಟ್ಟರೂ ಸೋಮವಾರವಿಡೀ ಕಳೆದು ನಡುರಾತ್ರಿ ಎರಡರವರೆಗೆ ಚಿಂತೆಯಿಲ್ಲ. ಆದರೂ ಭಾನುವಾರ ಸೋಫಾದಲ್ಲಿ ಕೂತು ಕೈ ಅಲ್ಲಾಡಿಸುತ್ತಲೇ ಇರುತ್ತಾರೆ. ನಾಲ್ಕು ಸುತ್ತು ಕೀ ಕೊಡಬಹುದಲ್ಲ ಎಂದರೆ, ಆಟೋಮ್ಯಾಟಿಕ್‌ಗೆ ಅದು ಅವಮಾನವಂತೆ. ಪೂಜೆಯ ಹೊತ್ತಿಗೆ ಹೆಂಡತಿ ಒಳಗಿನಿಂದಲೇ ಕೂಗುತ್ತಾರೆ: "ಹೇಗೂ ಅಲ್ಲಾಡಿಸ್ತಾ ಇದ್ದೀರಲ್ಲ, ಈ ಗಂಟೆನಾದ್ರೂ ಹಿಡ್ಕೊಳ್ಳಿ."

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕೆಂದು ಡಾಕ್ಟರು ಅಪ್ಪಣೆ ಮಾಡಿದ ಮೇಲೆ ಮಗ ಹೆಜ್ಜೆ ಎಣಿಸುವ ರಬ್ಬರ್ ಪಟ್ಟಿಯೊಂದನ್ನು ತಂದು ಕಟ್ಟಿದ್ದಾನೆ. ಸ್ವಿಸ್ ವಾಚಿನ ಕೆಳಗೆ, ಅದೇ ಮುಂಗೈಗೆ. ಭಾನುವಾರ ಸೋಫಾ ಬಿಟ್ಟೇಳದ ರಾಯರಿಗೆ ಸಂಜೆಯ ಹೊತ್ತಿಗೆ ಪಟ್ಟಿ ಗುಂಯ್ ಎಂದು ಅಭಿನಂದನೆ ಹೇಳುತ್ತದೆ. ಮೊನ್ನೆ ಲೆಕ್ಕ ನೋಡಿದ ಡಾಕ್ಟರು ಬೆನ್ನು ತಟ್ಟಿ, ಹೀಗೇ ಮುಂದುವರಿಸಿ ಎಂದರಂತೆ.