ಸುಂಕದ ರಸ್ತೆಗಳ ಜಾತಿಲಕ್ಷಣ

ಸರ್ಕಾರವೂ ಖಾಸಗಿಯವರೂ ಕೂಡಿ ಮಾಡುವ ರಸ್ತೆಗಳನ್ನು ಶಾಸ್ತ್ರೋಕ್ತವಾಗಿ ವಿಂಗಡಿಸಲು ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಶಾವಾ ಪ್ರಶಸ್ತ ಕ್ಷೇತ್ರ. ಊರಿನ ಉತ್ತರಕ್ಕೆ ಹಾಯುವ 407 ಹೆದ್ದಾರಿ ಕಣ್ಣಿಗೆ ಒಂದು, ಲಕ್ಷಣದಲ್ಲಿ ಎರಡು. ಗಡಿ, ಪಿಕರಿಂಗ್‌ನ ಬ್ರಾಕ್ ರೋಡ್.

ಅದರ ಪಶ್ಚಿಮಕ್ಕಿರುವುದು ಧಾರೆಯೆರೆದ ಜಾತಿ. ಒಂಟಾರಿಯೊ ಸರ್ಕಾರ 1999ರಲ್ಲಿ ಸುಮಾರು 310 ಕೋಟಿ ಡಾಲರ್ ಪಡೆದು 99 ವರ್ಷಕ್ಕೆ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟದ್ದು. ಇಲ್ಲಿ ಟೋಲ್ ಗೇಟಿಲ್ಲ. ತಲೆಯ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಬಿಲ್ಲು ಮನೆಗೆ ಬರುತ್ತದೆ. ವಾಹನ ಸಂಚಾರ ನಿಗದಿತ ಮಟ್ಟದಲ್ಲಿದ್ದರೆ ಕಂಪನಿ ದರ ಏರಿಸಬಹುದು, ಯಾರಪ್ಪಣೆಯೂ ಬೇಡ. ಸರ್ಕಾರ ತಕರಾರು ತೆಗೆದಾಗ 2004ರಲ್ಲಿ ಮಧ್ಯಸ್ಥಗಾರರ ತೀರ್ಪು ಕಂಪನಿಯ ಪರವಾಗಿಯೇ ಬಂತು. ಬಿಲ್ಲು ಕಟ್ಟದವರ ನಂಬರ್ ಪ್ಲೇಟ್ ನವೀಕರಣ ತಡೆಯುವವರು ಮಾತ್ರ ಸರ್ಕಾರದವರು. ಮಗಳನ್ನು ಕೊಟ್ಟ ಮೇಲೂ ಅಳಿಯನ ಬಾಕಿ ವಸೂಲಿಗೆ ತಿರುಗುವ ಮಾವನ ಪಾಡು!

ಪೂರ್ವಕ್ಕಿರುವುದು ಸಂಬಳದ ಜಾತಿ. ಇದು 2016ರಲ್ಲಿ ಒಶಾವಾದ ಹಾರ್ಮನಿ ರೋಡ್ ತಲುಪಿತು, 2019ರಲ್ಲಿ ಇನ್ನೂ ಮುಂದೆ 35/115 ಹೆದ್ದಾರಿಯನ್ನು ಕೂಡಿತು. ಕಟ್ಟುವುದು, ಸಾಲ ತರುವುದು, ನಿರ್ವಹಿಸುವುದು ಖಾಸಗಿಯವರ ಪಾಲು. ಒಡೆತನವೂ ದರ ನಿಗದಿಯೂ ಸರ್ಕಾರದ್ದು. ಹಾಗಾಗಿಯೇ 2025ರ ಜೂನ್ 1ರಿಂದ ಇಲ್ಲಿ ಸುಂಕ ರದ್ದಾಯಿತು. ಯಾರ ಕಾಲೂ ಹಿಡಿಯಬೇಕಾಗಲಿಲ್ಲ.

ಪೂರ್ವಪಕ್ಷಿ ಕೇಳುತ್ತಾನೆ: ಹಾಗಾದರೆ ಇದು ಅಗ್ಗವೋ? ಅಲ್ಲ. ಈ ಮಾದರಿಯ 74 ಕಾಮಗಾರಿಗಳನ್ನು ಪ್ರಾಂತ್ಯದ ಲೆಕ್ಕಪರಿಶೋಧಕರು 2014ರಲ್ಲಿ ತೂಗಿ ನೋಡಿದರು. ಸರ್ಕಾರವೇ ಸಮಯಕ್ಕೆ, ಅಂದಾಜಿನೊಳಗೆ ಮುಗಿಸಿದ್ದರೆ ಆಗುತ್ತಿದ್ದುದಕ್ಕಿಂತ ನೇರ ಖರ್ಚು ಸುಮಾರು 800 ಕೋಟಿ ಡಾಲರ್ ಹೆಚ್ಚು ಎಂದರು. ಆ ‘ಮುಗಿಸಿದ್ದರೆ’ಯ ಮೇಲೆ ಭಾಷ್ಯಕಾರರ ಜಗಳ ಇನ್ನೂ ನಡೆದಿದೆ.

ಒಶಾವಾದ ಆಚೆಗೂ ಜಾತಿಗಳುಂಟು. ಬಿಡಿಸಿಕೊಂಡ ಜಾತಿ ಸ್ಕಾಟ್ಲೆಂಡಿನದು: 1995ರ ಸ್ಕೈ ಸೇತುವೆಯನ್ನು 2004ರಲ್ಲಿ ಸರ್ಕಾರ ಕೊಂಡು ಸುಂಕ ನಿಲ್ಲಿಸಿತು. ನಮ್ಮ ನೈಸ್ ರಸ್ತೆಯದು ವ್ಯಾಜ್ಯ ಜಾತಿ; 1997ರ ಒಪ್ಪಂದದಲ್ಲಿ ಮೈಸೂರಿನವರೆಗೆ ಓಡಿದ ದಾರಿ ನೆಲದ ಮೇಲೆ ಇನ್ನೂ ಮೈಸೂರು ಮುಟ್ಟಿಲ್ಲ.

ಉತ್ತಮೋತ್ತಮವೆಂದು ನಾನು ಎಣಿಸುವುದು ಚಿಲಿಯ ‘ಉಂಡು ಏಳುವ’ ಜಾತಿ. 1998ರಲ್ಲಿ ಸ್ಯಾಂಟಿಯಾಗೊ–ವಾಲ್ಪರೈಸೊ ರಸ್ತೆಗೆ ಟೆಂಡರ್ ಕರೆದಾಗ ಕೇಳಿದ್ದು ‘ಎಷ್ಟು ವರ್ಷ’ ಎಂದಲ್ಲ, ‘ಇಂದಿನ ಬೆಲೆಯಲ್ಲಿ ಒಟ್ಟು ಎಷ್ಟು ವಸೂಲಾಗಬೇಕು’ ಎಂದು. ಕಡಿಮೆ ಕೇಳಿದವರಿಗೆ ಕೆಲಸ. ಆ ಮೊತ್ತ ಕೈಸೇರಿದ ದಿನ ಗುತ್ತಿಗೆ ಮುಗಿಯಿತು. ವಾಹನ ಹೆಚ್ಚಿದರೆ ಬೇಗ, ಕಡಿಮೆಯಾದರೆ ತಡ. ನಷ್ಟವೆಂದು ಅತ್ತು ಒಪ್ಪಂದ ತಿದ್ದಿಸಿಕೊಳ್ಳುವ ನೆಪವೂ ಕಡಿಮೆ.

ಪಶ್ಚಿಮದ 407ನ್ನು ಈ ಜಾತಿಗೆ ಸೇರಿಸಬಹುದೇ? ಕಂಪನಿ ತಾನಾಗಿ ಒಪ್ಪದಿದ್ದರೆ, ಗುತ್ತಿಗೆಪತ್ರದ ಪ್ರಕಾರ ಈ ಪ್ರಶ್ನೆಯನ್ನು 2098ರಲ್ಲಿ ಕೇಳತಕ್ಕದ್ದು.